ಹಳ್ಳಿ ಯಾವುದು? ಪಟ್ಟಣ ಯಾವುದು? ನಮ್ಮೂರು ಯಾವುದು?

(ಸಮಾಜ ವಿಜ್ಞಾನ ವಿಭಾಗ. ಬರೆದವಳು: 7ನೇ ತರಗತಿ ವಿದ್ಯಾರ್ಥಿನಿ)



ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. 'ಹಳ್ಳಿಗೂ ಪಟ್ಟಣಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.' ಐದು ಅಂಕ. ನಾನು ಗೈಡಿನಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿದ್ದೆ. ಹಳ್ಳಿಯಲ್ಲಿ ಶುದ್ಧ ಗಾಳಿ ಇರುತ್ತದೆ, ಪಟ್ಟಣದಲ್ಲಿ ಹೊಗೆ ಇರುತ್ತದೆ. ಹಳ್ಳಿಯ ಜನ ಬೇಸಾಯ ಮಾಡುತ್ತಾರೆ, ಪಟ್ಟಣದ ಜನ ನೌಕರಿ ಮಾಡುತ್ತಾರೆ. ಹಳ್ಳಿಯಲ್ಲಿ ಶಾಂತಿ, ಪಟ್ಟಣದಲ್ಲಿ ಗಲಾಟೆ. ಹೀಗೆ ಗೆರೆ ಎಳೆದು ಎರಡು ಕಡೆ ಬರೆದೆ. ಮೇಷ್ಟ್ರು ನಾಲ್ಕು ಅಂಕ ಕೊಟ್ಟರು. ಪೇಪರ್ ಕೊಡುವಾಗ ಒಂದು ಮಾತು ಕೇಳಿದರು. 'ಎಲ್ಲಾ ಸರಿಯಮ್ಮ, ನಮ್ಮೂರು ಇದರಲ್ಲಿ ಯಾವ ಕಡೆ ಬರುತ್ತೆ?'

ಅಷ್ಟಕ್ಕೇ ತರಗತಿಯಲ್ಲಿ ಗಲಾಟೆ ಶುರುವಾಯಿತು. ಎಟಿಎಂ ಇಲ್ಲ, ಅದಕ್ಕೇ ಹಳ್ಳಿ ಎಂದರು ಹುಡುಗರು. ಹೈವೇ ಪಕ್ಕ ಇದೆ, ಎರಡು ಬೇಕರಿ, ಮೂರು ಮೊಬೈಲ್ ಅಂಗಡಿ, ಸಂಜೆಯಾದರೆ ಪಾನಿಪುರಿ ಗಾಡಿ ಬರುತ್ತೆ, ಅದಕ್ಕೇ ಪಟ್ಟಣ ಎಂದು ನಾವು ಹುಡುಗಿಯರು ಹೇಳಿದೆವು. ಶುದ್ಧ ಗಾಳಿ ಅಂತ ನಾನೇ ಬರೆದಿದ್ದೆ. ಆದರೆ ನಮ್ಮ ಶಾಲೆಯ ಹಿಂದಿನ ನಾರಿನ ಫ್ಯಾಕ್ಟರಿ ಓಡುವಾಗ ಕಿಟಕಿ ಮುಚ್ಚಿ ಪಾಠ ಕೇಳುವವರು ನಾವು. ನನಗೆ ನಾಚಿಕೆಯಾಯಿತು. ಆಗ ಮೇಷ್ಟ್ರು, 'ಸುಮ್ಮನೆ ಜಗಳ ಬೇಡ. ಸರ್ಕಾರ ಹಳ್ಳಿ ಅಂತ ಯಾವುದಕ್ಕೆ ಹೇಳುತ್ತೆ ನೋಡಿಕೊಂಡು ಗೋಡೆ ಪತ್ರಿಕೆಗೆ ಬರಿ' ಎಂದು ಜನಗಣತಿಯ ಕೈಪಿಡಿ ಒಂದನ್ನು ತಂದುಕೊಟ್ಟರು. ಅದನ್ನು ಓದಿ, ಕೆಲವರನ್ನು ಕೇಳಿ, ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿ ಇದನ್ನು ಬರೆದಿದ್ದೇನೆ. ಒಂದು ಹಾಳೆಯಲ್ಲಿ ಹಿಡಿಸದೆ ಮೂರು ಹಾಳೆ ಅಂಟಿಸಿದ್ದೇನೆ. ಕ್ಷಮಿಸಬೇಕು.

ಮೊದಲು ತಿಳಿದ ವಿಷಯವೇನೆಂದರೆ, ಗಾಳಿ, ಶಾಂತಿ, ಮುಗ್ಧತೆ ಇವು ಯಾವುವೂ ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಜನಗಣತಿಯವರು ಒಂದು ಊರನ್ನು ಪಟ್ಟಣ ಎನ್ನಬೇಕಾದರೆ ಎರಡು ದಾರಿ. ಒಂದು, ಆ ಊರಿಗೆ ಸರ್ಕಾರವೇ ಪುರಸಭೆ, ನಗರಸಭೆ ಮುಂತಾದ್ದನ್ನು ಕೊಟ್ಟಿರಬೇಕು. ಹಾಗಿದ್ದರೆ ಬೇರೆ ಪ್ರಶ್ನೆಯೇ ಇಲ್ಲ, ಅದು ಪಟ್ಟಣ. ಎರಡು, ಅಂಥದ್ದು ಇಲ್ಲದಿದ್ದರೂ ಮೂರು ಪರೀಕ್ಷೆಯಲ್ಲಿ ಪಾಸಾಗಬೇಕು. ಜನಸಂಖ್ಯೆ 5,000ಕ್ಕೆ ಕಡಿಮೆ ಇರಬಾರದು. ಒಂದು ಚದರ ಕಿಲೋಮೀಟರಿಗೆ ಕಡೇಪಕ್ಷ 400 ಜನ ವಾಸವಿರಬೇಕು. ಮೂರನೆಯದು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ಕೆಲಸ ಮಾಡುತ್ತಿರಬೇಕು. ಮೂರರಲ್ಲಿ ಎರಡು ಪಾಸಾದರೆ ಆಗುವುದಿಲ್ಲ, ಮೂರೂ ಆಗಬೇಕು. ಇದನ್ನು 'ಜನಗಣತಿ ಪಟ್ಟಣ' ಅನ್ನುತ್ತಾರೆ. ತಮಾಷೆ ಏನೆಂದರೆ ಅಂಥ ಊರಿನಲ್ಲಿ ಆಡಳಿತ ಮಾಡುವುದು ಗ್ರಾಮ ಪಂಚಾಯಿತಿಯೇ. ಜನಗಣತಿ ಪುಸ್ತಕದಲ್ಲಿ ಪಟ್ಟಣ, ಪಂಚಾಯಿತಿ ಬೋರ್ಡಿನಲ್ಲಿ ಗ್ರಾಮ! 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 347 ಪಟ್ಟಣಗಳಿದ್ದವು. ಅದರಲ್ಲಿ 127 ಹೀಗೆ ಲೆಕ್ಕದಿಂದ ಮಾತ್ರ ಪಟ್ಟಣ ಆದವು.

ಅದೇ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದರಲ್ಲಿ ಪಟ್ಟಣದವರು ನೂರಕ್ಕೆ 38.67. ಇಡೀ ಭಾರತದಲ್ಲಿ ನೂರಕ್ಕೆ 31.16. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಕೊರೋನಾ ಬಂದು ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ನಾನು ಬರೆಯುವ ಅಂಕಿಗಳು ಹಳೆಯವು. ನಾನು ಹುಟ್ಟುವುದಕ್ಕಿಂತ ಮುಂಚಿನವು.

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ಪಂಚಾಯಿತಿ ಗೋಡೆಯ ಮೇಲೆ ಬರೆದಿರುವಂತೆ ನಮ್ಮೂರ ಜನಸಂಖ್ಯೆ 3,400 ಚಿಲ್ಲರೆ. ಮೊದಲನೇ ಪರೀಕ್ಷೆಯಲ್ಲೇ ಫೇಲು. ಆದರೂ ಬಿಡದೆ ಎರಡನೆಯದನ್ನು ಮಾಡಿದೆ. ನಮ್ಮೂರಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಕೆಮ್ಮು ಬರುತ್ತದೆ. ಆದ್ದರಿಂದ ಜನಸಾಂದ್ರತೆಯಲ್ಲಿ ಪಾಸು ಅಂದುಕೊಂಡೆ. ಆದರೆ ಮೇಷ್ಟ್ರು ಹೇಳಿದ್ದು ಏನೆಂದರೆ, ವಿಸ್ತೀರ್ಣ ಅಂದರೆ ಮನೆ ಇರುವ ಜಾಗ ಮಾತ್ರ ಅಲ್ಲ. ತೆಂಗಿನ ತೋಟ, ರಾಗಿ ಹೊಲ, ಕೆರೆ, ಗೋಮಾಳ, ಸ್ಮಶಾನ ಎಲ್ಲಾ ಸೇರಿ. ನಮ್ಮೂರ ಎಲ್ಲೆ ಅಂದಾಜು 9 ಚದರ ಕಿಲೋಮೀಟರು. 3,400ನ್ನು 9ರಿಂದ ಭಾಗಿಸಿದರೆ ಸುಮಾರು 378. ಇದರಲ್ಲೂ ಸ್ವಲ್ಪದರಲ್ಲಿ ಫೇಲು. ಒಂದು ಚದರ ಕಿಲೋಮೀಟರು ಅಂದರೆ 247 ಎಕರೆ. ಅಷ್ಟು ಜಾಗದಲ್ಲಿ ಮನುಷ್ಯರಿಗಿಂತ ತೆಂಗಿನ ಮರಗಳೇ ಜಾಸ್ತಿ. ಮರಗಳೇ ನಮ್ಮನ್ನು ಹಳ್ಳಿಯವರನ್ನಾಗಿ ಇಟ್ಟಿವೆ ಅಂತ ನನಗೆ ಅನ್ನಿಸಿತು.

ಮೂರನೇ ಪರೀಕ್ಷೆಗೆ ನಾನೂ ನನ್ನ ಗೆಳತಿಯೂ ಒಂದು ಭಾನುವಾರ ನಮ್ಮ ಬೀದಿಯ 24 ಮನೆಗಳಿಗೂ ಹೋದೆವು. ಕೆಲವರು ರೇಷನ್ ಕಾರ್ಡಿಗೆ ಬಂದಿದ್ದಾರೆ ಅಂತ ಆಧಾರ್ ಕಾರ್ಡು ತಂದು ತೋರಿಸಿದರು. ದುಡಿಯುವ ಗಂಡಸರು 33 ಮಂದಿ. ಅದರಲ್ಲಿ ಬೇಸಾಯ ಮತ್ತು ಹೊಲದ ಕೂಲಿ 19. ಬೇರೆ ಕೆಲಸ 14. ಅಂದರೆ ನೂರಕ್ಕೆ 42. ಆದರೆ ಬರೆದುಕೊಳ್ಳುವುದು ಬಹಳ ಕಷ್ಟ. ಒಬ್ಬ ಮಾವ ಕಾಯಿ ಸುಲಿಯುತ್ತಾರೆ. ಅದು ಬೇಸಾಯವೋ ವ್ಯಾಪಾರವೋ? ಇನ್ನೊಬ್ಬರು ಮಳೆ ಬಂದರೆ ರಾಗಿ ಬಿತ್ತುತ್ತಾರೆ, ಬೇಸಿಗೆಯಲ್ಲಿ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಇದಕ್ಕೆ ಜನಗಣತಿಯಲ್ಲಿ ಒಂದು ನಿಯಮ ಇದೆ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕೆಲಸ ಮಾಡಿದವರು ಮುಖ್ಯ ದುಡಿಮೆಗಾರರು. ಹಳ್ಳಿಯೋ ಪಟ್ಟಣವೋ ಎಂದು ನೋಡುವಾಗ ಅವರನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ನಮ್ಮ ಅಪ್ಪನ ಹತ್ತಿರ ಬಂದಾಗ ಇನ್ನೂ ಕಷ್ಟ ಆಯಿತು. ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೂ ಆಟೋನೇ. ತೋಟಕ್ಕೆ ಹೋಗುವುದು ವಾರಕ್ಕೆ ಒಂದು ಸಲ, ಮೋಟಾರ್ ಆನ್ ಮಾಡುವುದಕ್ಕೆ. ಆದರೆ ನಾನು ಪೆನ್ನು ಹಿಡಿದು ಕೇಳಿದಾಗ, 'ರೈತ ಅಂತ ಬರ್ಕೋ' ಎಂದರು. 'ಅಪ್ಪ, ಆಟೋ?' ಎಂದೆ. 'ಆಟೋ ಹೊಟ್ಟೆಪಾಡು. ಬರ್ಕೋ, ರೈತ' ಎಂದರು. ನಾನು ರೈತ ಅಂತಲೇ ಬರೆದುಕೊಂಡೆ. ಆ 19ರಲ್ಲಿ ಅವರೂ ಸೇರಿದ್ದಾರೆ. ಒಂದು ಊರು ಹಳ್ಳಿಯಾಗುವುದು ಅಲ್ಲಿಯ ಜನ ಏನು ಕೆಲಸ ಮಾಡುತ್ತಾರೆ ಎಂಬುದರಿಂದ ಅಂತ ಪುಸ್ತಕದಲ್ಲಿದೆ. ಆದರೆ ಬಾಗಿಲಲ್ಲಿ ನಿಂತು ಅವರು ಏನು ಹೇಳುತ್ತಾರೆ ಎಂಬುದೂ ಅದರಲ್ಲಿ ಸೇರುತ್ತೆ ಅಂತ ನನಗೆ ಆವತ್ತು ಗೊತ್ತಾಯಿತು.

ಈಗ ಹುಡುಗಿಯರು ಸ್ವಲ್ಪ ಹತ್ತಿರ ಬಂದು ಓದಿ. ಮೂರನೇ ಪರೀಕ್ಷೆಯಲ್ಲಿ 'ದುಡಿಯುವ ಗಂಡಸರು' ಅಂತಿದೆ. ಹೆಂಗಸರನ್ನು ಜನಸಂಖ್ಯೆಯಲ್ಲಿ ಎಣಿಸುತ್ತಾರೆ, ದುಡಿಯುವವರ ಪಟ್ಟಿಯಲ್ಲೂ ಬೇರೆ ಕಾಲಂನಲ್ಲಿ ಎಣಿಸುತ್ತಾರೆ. ಆದರೆ ಊರು ಹಳ್ಳಿಯೋ ಪಟ್ಟಣವೋ ಎಂದು ತೀರ್ಮಾನ ಮಾಡುವಾಗ ಮಾತ್ರ ಬಿಡುತ್ತಾರೆ. ನಾನು ಎರಡು ಸಲ ಓದಿ ನೋಡಿದೆ, ಹಾಗೇ ಇದೆ. ನಮ್ಮ ಬೀದಿಯಿಂದ 11 ಜನ ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಅರಳಿಮರದ ಹತ್ತಿರ ಬಸ್ಸು ಬರುತ್ತದೆ. ನಮ್ಮಮ್ಮ 2019ರಿಂದ ಹೋಗುತ್ತಿದ್ದಾರೆ. ನಾಲ್ಕೂವರೆಗೆ ಎದ್ದು ಮುದ್ದೆ ಸಾರು ಮಾಡಿಟ್ಟು ಹೋಗುತ್ತಾರೆ. ಶರ್ಟಿನ ಕಾಲರು ಮಾತ್ರ ಹೊಲಿಯುವುದು, ದಿನಕ್ಕೆ ಎಷ್ಟೋ ನೂರು ಕಾಲರು. ಅದು ಬೇಸಾಯ ಅಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಆದರೂ ಆ ಕಾಲರುಗಳು ಈ ಲೆಕ್ಕದಲ್ಲಿ ಬರುವುದಿಲ್ಲ.

ಹಟಕ್ಕೆ ನಾನು ಹೆಂಗಸರನ್ನೂ ಸೇರಿಸಿ ಲೆಕ್ಕ ಮಾಡಿದೆ. ದುಡಿಯುವ ಹೆಂಗಸರು 25. ಗಾರ್ಮೆಂಟ್ಸ್ 11, ಅಂಗನವಾಡಿ 1, ಹೊಲ ತೋಟದ ಕೆಲಸ 13. ಗಂಡಸರೂ ಹೆಂಗಸರೂ ಸೇರಿ 58, ಅದರಲ್ಲಿ ಬೇಸಾಯವಲ್ಲದ್ದು 26. ನೂರಕ್ಕೆ ಸುಮಾರು 45. ಅಂದರೆ ಹೆಂಗಸರನ್ನು ಸೇರಿಸಿದರೂ ನಮ್ಮ ಬೀದಿ ಪಟ್ಟಣ ಆಗುವುದಿಲ್ಲ. ಇರುವುದನ್ನು ಇದ್ದ ಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ರಾತ್ರಿ ಅಮ್ಮನಿಗೆ ಇದನ್ನೆಲ್ಲಾ ಹೇಳಿದೆ. ಅವರು ಸೊಪ್ಪು ಸೋಸುತ್ತಾ, 'ಇವತ್ತಿನ ತನ್ಕ ನನ್ನ ಯಾರು ಲೆಕ್ಕಕ್ಕೆ ತಗೊಂಡವ್ರೆ' ಎಂದು ನಕ್ಕರು. ನಾನು ನಗಲಿಲ್ಲ.

ಹೆಸರು ನೋಡಿ ಹಳ್ಳಿ, ಪಟ್ಟಣ ಎಂದು ಹೇಳುವುದಕ್ಕೆ ಆಗುವುದಿಲ್ಲ. ನಮ್ಮ ಸುತ್ತಮುತ್ತಲೇ ನೋಡಿ. ಚಿಕ್ಕನಾಯಕನಹಳ್ಳಿ ಹೆಸರಿನಲ್ಲಿ ಹಳ್ಳಿ ಇದೆ, ಆದರೆ ಅದು ತಾಲ್ಲೂಕು ಕೇಂದ್ರ, ಪುರಸಭೆ ಇರುವ ಊರು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಹೆಸರಿನಲ್ಲಿ ಹಟ್ಟಿ, ಆದರೆ ಪಟ್ಟಣ ಪಂಚಾಯಿತಿ. ನಮ್ಮ ಕರ್ನಾಟಕದ ನಿಯಮದಲ್ಲಿ 10 ಸಾವಿರದಿಂದ 20 ಸಾವಿರದವರೆಗೆ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ಜನಸಂಖ್ಯೆಯ ಜೊತೆಗೆ ಬೇರೆ ಷರತ್ತುಗಳೂ ಇವೆ. ತುರುವೇಕೆರೆ, ಗುಬ್ಬಿ ಪಟ್ಟಣ ಪಂಚಾಯಿತಿಗಳು. ತಿಪಟೂರು ನಗರಸಭೆ. ತುಮಕೂರು ಮಹಾನಗರ ಪಾಲಿಕೆ. ಇವನ್ನು ಪರೀಕ್ಷೆಗೆ ನೆನಪಿಟ್ಟುಕೊಳ್ಳಿ, ಕೇಳಿದರೂ ಕೇಳಬಹುದು.

ಪಟ್ಟಣ ಒಂದು ಸಲ ಆದ ಮೇಲೆ ಹಾಗೇ ಇರುತ್ತೆ ಅಂತಲೂ ಇಲ್ಲ. ಹಂಪಿ ವಿಜಯನಗರದ ಅರಸರ ರಾಜಧಾನಿ. 1565ರ ಯುದ್ಧದಲ್ಲಿ ಸೋತ ಮೇಲೆ ಹಾಳಾಯಿತು. ಪರದೇಶದವರು ಬಂದು ಹೊಗಳಿದ ಆ ದೊಡ್ಡ ನಗರದ ಜಾಗದಲ್ಲಿ ಈಗಿರುವುದು ಹಂಪಿ ಗ್ರಾಮ ಪಂಚಾಯಿತಿ. ಹಳೆಯ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ ಗಾವುಂಡ ಎಂದೂ ಪಟ್ಟಣದ ವರ್ತಕರ ಮುಖ್ಯಸ್ಥನಿಗೆ ಪಟ್ಟಣಸ್ವಾಮಿ ಎಂದೂ ಬರೆದಿರುತ್ತದೆ. ಗಾವುಂಡ ಎಂಬುದೇ ಗೌಡ ಆಯಿತು. ಅಂದರೆ ಆಗಲೂ ಬೆಳೆಯುವ ಕಡೆ ಒಂದು, ಮಾರುವ ಕಡೆ ಇನ್ನೊಂದು. ಇದು ನಮಗೂ ಗೊತ್ತಿರುವುದೇ. ನಮ್ಮ ಮನೆಯ ಅಟ್ಟದಲ್ಲಿ ಕಾಯಿ ಹನ್ನೊಂದು ತಿಂಗಳು ಒಣಗಿ ಕೊಬ್ಬರಿ ಆಗುತ್ತದೆ. ರಾತ್ರಿ ಇಲಿ ಓಡಾಡಿದರೆ ಕಾಯಿ ಉರುಳುವ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಒಣಗಿಸುವುದು ಇಲ್ಲಿ, ಅದಕ್ಕೆ ರೇಟು ಆಗುವುದು ತಿಪಟೂರಿನ ಮಾರುಕಟ್ಟೆಯಲ್ಲಿ. ರೇಟು ಬಿದ್ದ ದಿನ ನಮ್ಮೂರಿನ ಬೇಕರಿಯಲ್ಲೂ ವ್ಯಾಪಾರ ಕಡಿಮೆ.

ಇನ್ನೊಂದು ವಿಚಿತ್ರ ವಿಷಯ. ಕೈಪಿಡಿಯಲ್ಲಿ ಕೆಲವು ಹಳ್ಳಿಗಳ ಮುಂದೆ ಜನಸಂಖ್ಯೆಯೇ ಇಲ್ಲ. ಇದೇನು ಅಚ್ಚಿನ ತಪ್ಪೇ ಎಂದು ಕೇಳಿದೆ. ತಪ್ಪಲ್ಲ, ಅವು 'ಬೇಚಿರಾಕ್' ಗ್ರಾಮಗಳು ಎಂದರು ಮೇಷ್ಟ್ರು. ಜನ ಎಂದೋ ಬಿಟ್ಟುಹೋದ, ಆದರೆ ಕಂದಾಯ ದಾಖಲೆಯಲ್ಲಿ ಉಳಿದ ಊರುಗಳು. ಆ ಪದ ಪಾರಸಿ ಭಾಷೆಯದಂತೆ. ಚಿರಾಗ್ ಎಂದರೆ ದೀಪ, ಬೇ ಎಂದರೆ ಇಲ್ಲದ್ದು. ದೀಪ ಇಲ್ಲದ ಊರು. 2011ರಲ್ಲಿ ನಮ್ಮ ರಾಜ್ಯದಲ್ಲಿ 29,340 ಹಳ್ಳಿ ಎಂದು ಬರೆದಿರುವುದರಲ್ಲಿ ಈ ದೀಪವಿಲ್ಲದ ಊರುಗಳೂ ಸೇರಿವೆ.

ಇದಕ್ಕೆ ಉಲ್ಟಾ ಕೂಡ ಇದೆ. ದೀಪ ಇದ್ದು ದಾಖಲೆ ಇಲ್ಲದ ಊರುಗಳು. ನಮ್ಮ ತರಗತಿಗೆ ಬರುವ ಮೂವರು ಗೊಲ್ಲರಹಟ್ಟಿಯವರು. ಅವರ ಹಟ್ಟಿಯಲ್ಲಿ ಅರವತ್ತು ಮನೆ ಇದ್ದರೂ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ನಮ್ಮೂರಿನ ಒಳಗೇ ಸೇರಿದೆ. ಇಂಥವನ್ನು ಮಜರೆ ಅನ್ನುತ್ತಾರೆ. ಲಂಬಾಣಿ ತಾಂಡಾಗಳದ್ದೂ ಇದೇ ಕಥೆ. ಎಷ್ಟೋ ತಲೆಮಾರು ವಾಸವಿದ್ದರೂ ಮನೆ ಇರುವ ಜಾಗ ಅವರ ಹೆಸರಿನಲ್ಲಿ ಇರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ದೊಡ್ಡ ಸಮಾರಂಭ ಮಾಡಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಎಂದು ಮಾಡಿದ್ದರಿಂದ ಅದು ಆಯಿತು. ನಾವು ಪಟ್ಟಣ ಆಗಬೇಕೋ ಬೇಡವೋ ಎಂದು ಜಗಳ ಆಡುತ್ತಿದ್ದಾಗ ಹಟ್ಟಿಯ ಹುಡುಗ ಸುಮ್ಮನೆ ಕೂತಿದ್ದ. ಕೇಳಿದ್ದಕ್ಕೆ, 'ನಾವಿನ್ನೂ ಹಳ್ಳಿನೇ ಆಗಿಲ್ಲ' ಎಂದ.

ಈಗ ಮುಖ್ಯವಾದ ವಿಷಯ. ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಎರಡು ತಿಂಗಳಿಂದ ಅರಳಿಕಟ್ಟೆಯಲ್ಲಿ ಒಂದು ಮಾತು ಓಡಾಡುತ್ತಿದೆ. ಹೈವೇ ಉದ್ದಕ್ಕೂ ಇರುವ ನಮ್ಮ ಪಂಚಾಯಿತಿಯನ್ನೂ ಪಕ್ಕದ್ದನ್ನೂ ಸೇರಿಸಿ ಪಟ್ಟಣ ಪಂಚಾಯಿತಿ ಮಾಡುತ್ತಾರಂತೆ. ಕಾಗದ ಯಾರೂ ನೋಡಿಲ್ಲ, ಮಾತು ಮಾತ್ರ ಇದೆ. ಹುಳಿಯಾರು ಮುಂಚೆ ಗ್ರಾಮ ಪಂಚಾಯಿತಿ ಆಗಿತ್ತು, ಈಗ ಪಟ್ಟಣ ಪಂಚಾಯಿತಿ. ಆದ್ದರಿಂದ ಆಗುವುದೇ ಇಲ್ಲ ಎನ್ನುವ ಹಾಗಿಲ್ಲ. ಅಂಥದ್ದು ಆದರೆ ನಮ್ಮ ಊರು, ಮನೆ, ಕೆರೆ ಎಲ್ಲಾ ಇದ್ದ ಜಾಗದಲ್ಲೇ ಇರುತ್ತವೆ. ಬದಲಾಗುವುದು ಏನು? ನಮ್ಮ ಮನೆಯಲ್ಲೇ ನಾಲ್ಕು ಅಭಿಪ್ರಾಯ.

ಅಪ್ಪ ಆಗಲಿ ಎನ್ನುತ್ತಾರೆ. ಸೈಟಿಗೆ ಬೆಲೆ ಬರುತ್ತದೆ, ರಸ್ತೆಗೆ ದುಡ್ಡು ಬರುತ್ತದೆ ಎಂದು. (ರೈತ ಅಂತ ಬರೆಸಿದವರೂ ಅವರೇ!) ಅಮ್ಮನಿಗೂ ಆದರೆ ಒಳ್ಳೆಯದು ಅಂತಲೇ ಇದೆ. ಚರಂಡಿ ಆಗುತ್ತೆ, ಕಸದ ಗಾಡಿ ದಿನಾ ಬರುತ್ತೆ ಎನ್ನುತ್ತಾರೆ.

ಅಜ್ಜಿ ಮಾತ್ರ ಬೇಡವೇ ಬೇಡ ಎನ್ನುತ್ತಾರೆ. ಅಜ್ಜಿಯ ಹತ್ತಿರ ಉದ್ಯೋಗ ಖಾತ್ರಿಯ ಕಾರ್ಡು ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ನಮ್ಮೂರ ಕೆರೆಯ ಹೂಳು ತೆಗೆದಾಗ ಆ ಕೂಲಿಯಲ್ಲೇ ನನಗೆ ಸೈಕಲ್ ರಿಪೇರಿ ಮಾಡಿಸಿಕೊಟ್ಟಿದ್ದು. 2005ರಲ್ಲಿ ಬಂದ ಆ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಎಂದಿತ್ತು. 2025ರ ಡಿಸೆಂಬರಿನಲ್ಲಿ ಅದರ ಬದಲಿಗೆ ಹೊಸ ಕಾಯ್ದೆ ಪಾಸಾಯಿತು, ಅದರಲ್ಲಿ 125 ದಿನ ಎಂದಿದೆ. ಹಳೆಯದೂ ಸರಿ, ಹೊಸದೂ ಸರಿ, ಎರಡೂ ಗ್ರಾಮೀಣ ಪ್ರದೇಶದವರಿಗೆ ಮಾತ್ರ. ಪಟ್ಟಣ ಪಂಚಾಯಿತಿ ಎಂದು ಬೋರ್ಡು ಬಿದ್ದರೆ ಅಜ್ಜಿಯ ಕಾರ್ಡಿಗೆ ಬೆಲೆ ಇಲ್ಲ. ಅಜ್ಜಿಗೆ ಓದು ಬರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಹಳ್ಳಿಗೂ ಪಟ್ಟಣಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಗೊತ್ತಿದ್ದದ್ದು ಅಜ್ಜಿಗೇ.

ನನ್ನ ಅಕ್ಕ ಪಿಯುಸಿ ಓದುತ್ತಿದ್ದಾಳೆ. ಅವಳೂ ಹಳ್ಳಿಯಾಗೇ ಇರಲಿ ಎನ್ನುತ್ತಾಳೆ. ಅವಳು ಸಿಇಟಿಗೆ ಅರ್ಜಿ ಹಾಕುವಾಗ ಗ್ರಾಮೀಣ ಮೀಸಲಾತಿಗೆ ಒಂದು ಪತ್ರ ಬೇಕಾಗಿತ್ತು. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದ್ದಾಳೆ ಎಂದು ಹೆಡ್‌ಮಾಸ್ಟರು ಬರೆದು, ಬಿಇಓ ಸಾಹೇಬರು ಸಹಿ ಹಾಕಬೇಕು. ಪಟ್ಟಣ ಪಂಚಾಯಿತಿಯ ಒಳಗಿನ ಶಾಲೆ ಗ್ರಾಮೀಣ ಅಲ್ಲ. ರಾಜ್ಯ ಸರ್ಕಾರದ ನೇರ ನೇಮಕಾತಿಯ ಕೆಲಸಗಳಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 25ರಷ್ಟು ಮೀಸಲಾತಿ ಇದೆ. ನಾವು ಏಳನೇ ತರಗತಿಯವರು. ಇನ್ನೂ ಮೂರು ವರ್ಷ ಇದೆ. ಇದನ್ನು ಓದಿದ ಮೇಲೆ ನನಗೆ ಎರಡು ದಿನ ಇದೇ ಯೋಚನೆ.

ಪಟ್ಟಣ ಆದ ತಕ್ಷಣ ನೀರು, ಚರಂಡಿ ಎಲ್ಲಾ ಬಂದುಬಿಡುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಬೆಂಗಳೂರಿನ ಸಂಗತಿ ಹೇಳಿದರು. 2007ರಲ್ಲಿ ಬೆಂಗಳೂರನ್ನು ದೊಡ್ಡದು ಮಾಡುವಾಗ ಅಲ್ಲಿನ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ಜೊತೆಗೆ ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿದರು. ಆವತ್ತಿನಿಂದ ಅವರು ಮಹಾನಗರದವರು. ಆದರೆ ಆ 110 ಹಳ್ಳಿಗಳಿಗೆ ಎಂದು ಮಾಡಿದ ಕಾವೇರಿ ಐದನೇ ಹಂತದ ನೀರಿನ ಯೋಜನೆ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ಲೆಕ್ಕ ಹಾಕಿ, 17 ವರ್ಷ. ಅದಾದ ಮುಂದಿನ ವರ್ಷ, 2025ರಲ್ಲಿ, ಆ ಪಾಲಿಕೆಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಈಗಲೂ ಪತ್ರಿಕೆಯಲ್ಲಿ ಅವನ್ನು '110 ಹಳ್ಳಿ' ಎಂದೇ ಬರೆಯುತ್ತಾರೆ. ಬೋರ್ಡು ಬದಲಾಯಿಸುವುದು ಒಂದು ದಿನದ ಕೆಲಸ, ಪೈಪು ಹಾಕುವುದು ಅಷ್ಟು ಸುಲಭ ಅಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ, 'ಹದಿನೇಳು ವರ್ಷಕ್ಕೆ ನೀನು ಮೂವತ್ತು ವರ್ಷದೋಳು ಆಗ್ತೀಯ' ಎಂದು ಅವರೂ ಸ್ವಲ್ಪ ಯೋಚಿಸಿದರು.

ನನ್ನ ಅಭಿಪ್ರಾಯ ಏನು ಎಂದು ನೀವು ಕೇಳಬಹುದು. ಅದಕ್ಕೆ ಒಂದು ಸಣ್ಣ ಘಟನೆ ಹೇಳಬೇಕು. ಹೋದ ವರ್ಷ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆದಾಗ ನಾವೆಲ್ಲ ಸಾಲಾಗಿ ಹೋಗಿದ್ದೆವು. ಪಿಡಿಓ, ಅಧ್ಯಕ್ಷರು, ಸದಸ್ಯರು ಎಲ್ಲರೂ ಕೂತಿದ್ದರು. ಹುಡುಗರು ಆಟದ ಮೈದಾನ ಕೇಳಿದರು. ನನಗೆ ಕಾಲು ನಡುಗುತ್ತಿತ್ತು, ಆದರೂ ಎದ್ದು ನಿಂತು, 'ಅರಳಿಮರದ ಹತ್ತಿರ ದೀಪ ಇಲ್ಲ ಸಾರ್, ಗಾರ್ಮೆಂಟ್ಸ್ ಬಸ್ಸು ರಾತ್ರಿ ಏಳೂವರೆಗೆ ಬಿಡುತ್ತೆ, ಅಮ್ಮಂದಿರು ಕತ್ತಲಲ್ಲಿ ಬರ್ತಾರೆ' ಎಂದೆ. ಬರೆದುಕೊಂಡರು. ಮರೆತರು ಅಂತ ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಕಂಬಕ್ಕೆ ದೀಪ ಹಾಕಿದರು. ನಮ್ಮ ವಾರ್ಡಿನ ಸದಸ್ಯರು ನಮ್ಮ ಮನೆಗೇ ಬಂದು, 'ಹಾಕ್ಸಿದೀನಿ ನೋಡವ್ವ ನಿನ್ನ ಲೈಟು' ಎಂದು ಹೇಳಿಹೋದರು.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯರು ಇರುತ್ತಾರೆ. ಅದಕ್ಕೇ ಅವರಿಗೆ ನಮ್ಮ ಮನೆ ಗೊತ್ತು, ನಮಗೆ ಅವರ ಮನೆ ಗೊತ್ತು. ಊರಿನ ಮತದಾರರೆಲ್ಲ ಗ್ರಾಮ ಸಭೆಯ ಸದಸ್ಯರೇ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತು ಇರುವುದಿಲ್ಲ, ಆಟೋ, ತೆಂಗಿನಮರ, ಕುಕ್ಕರ್ ಇಂಥ ಗುರುತುಗಳು. ಪಟ್ಟಣ ಪಂಚಾಯಿತಿಯಾದರೆ ಪಕ್ಷದ ಗುರುತಿನ ಮೇಲೆ ನಿಲ್ಲುತ್ತಾರೆ. ಪಿಡಿಓ ಜಾಗಕ್ಕೆ ಮುಖ್ಯಾಧಿಕಾರಿ ಬರುತ್ತಾರೆ. ಅದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಇಂಜಿನಿಯರು ಇರುತ್ತಾರೆ, ಪೌರಕಾರ್ಮಿಕರು ಇರುತ್ತಾರೆ. ಇಲ್ಲಿ ನೀರು ಬಿಡುವವರೂ, ಲೈಟು ಹಾಕುವವರೂ, ಕೆಲವು ದಿನ ಕಂದಾಯದ ರಸೀದಿ ತಂದುಕೊಡುವವರೂ ಒಬ್ಬರೇ.

ಹಾಗಾಗಿ ನನ್ನ ಅಭಿಪ್ರಾಯ, ನಾವು ಹತ್ತನೇ ತರಗತಿ ಮುಗಿಸುವವರೆಗೆ ಮತ್ತು ಅಜ್ಜಿಗೆ ಕೆಲಸ ಮಾಡುವ ಶಕ್ತಿ ಇರುವವರೆಗೆ ನಮ್ಮೂರು ಹಳ್ಳಿಯಾಗಿ ಇರಲಿ. ಆದರೆ ಚರಂಡಿ ಮಾತ್ರ ಈಗಲೇ ಆಗಲಿ. ಚರಂಡಿಗೆ ಪಟ್ಟಣ ಆಗಲೇಬೇಕು ಎಂಬ ನಿಯಮ ಕೈಪಿಡಿಯಲ್ಲಿ ನನಗೆ ಎಲ್ಲೂ ಕಾಣಲಿಲ್ಲ.

ಗೆಳೆಯ ಗೆಳತಿಯರೇ, ನಾನು ಎಣಿಸಿರುವುದು ಒಂದು ಬೀದಿ ಮಾತ್ರ. ಈ ಹಾಳೆಯ ಕೆಳಗೆ ಖಾಲಿ ಕೋಷ್ಟಕ ಅಂಟಿಸಿದ್ದೇನೆ. ಮೇಲಿನ ಕೇರಿ, ಕೆಳಗಿನ ಕೇರಿ, ಹೊಸ ಬಡಾವಣೆ, ಗೊಲ್ಲರಹಟ್ಟಿ ಎಂದು ಮನೆ ಹಾಕಿದ್ದೇನೆ. ನಿಮ್ಮ ಬೀದಿಯಲ್ಲಿ ದುಡಿಯುವ ಗಂಡಸರು ಎಷ್ಟು, ಬೇಸಾಯ ಎಷ್ಟು, ಬೇರೆ ಕೆಲಸ ಎಷ್ಟು ಎಂದು ಕೇಳಿಕೊಂಡು ಬಂದು ತುಂಬಿರಿ. ಹೆಂಗಸರಿಗೂ ಒಂದು ಕಾಲಂ ಗೆರೆ ಹಾಕಿದ್ದೇನೆ, ಅದನ್ನೂ ತುಂಬಬೇಕು. ಪೆನ್ಸಿಲಿನಲ್ಲಿ ಬರೆಯಿರಿ, ತಪ್ಪಾದರೆ ಅಳಿಸಬಹುದು. ಪೆನ್ಸಿಲ್ ದಾರದಲ್ಲಿ ಕಟ್ಟಿದ್ದೇನೆ, ದಯವಿಟ್ಟು ಯಾರೂ ಬಿಚ್ಚಿಕೊಂಡು ಹೋಗಬೇಡಿ.